ಜಾನ್ ಬೀ ಹನ್ನೊಂದು ಸಲ ಸತ್ತದ್ದು

ಜಾನ್ ಬೀ ಮೊದಲ ಸಲ ಸತ್ತದ್ದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ನಮ್ಮ ಮದ್ದೂರಿನ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ, ನಾಲ್ಕು ಜನ ಡಾಕ್ಟರುಗಳ ಕಣ್ಣೆದುರಿಗೇ. ಸತ್ತವಳು ಎದ್ದು ಕೂತು, ಸೊಂಟದ ಚೀಲ ಬಿಚ್ಚಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡು, "ಇನ್ನೊಂದ್ ಕಿತ ಮಾಡ್ರಪ್ಪ. ಮದ್ಯಾನ್ದೊಳ್ಗೆ ನಿಮ್ಮಲ್ಲಿ ಒಬ್ರಾದ್ರೂ ನನ್ನ ಉಳಿಸ್ಕಬೌದೇನೋ ನೋಡಾವ" ಎಂದಳು. ಡಾಕ್ಟರುಗಳು ನೆಲ ನೋಡಿದರು. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಿಲಿಗೆ ಓಡಿದೆ.

ಇದು ಸಾವಿರದ ಒಂಬೈನೂರ ನಲವತ್ತಮೂರರ ಮಾತು. ಮಂಡ್ಯ ಜಿಲ್ಲೆಯಾಗಿ ನಾಲ್ಕು ವರ್ಷವಾಗಿತ್ತು. ಯುದ್ಧ ನಡೆಯುತ್ತಿತ್ತು; ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಕೆಮ್ಮುತ್ತಾ ಓಡುತ್ತಿದ್ದವು. ನಾನು ಯಶೋದಮ್ಮ, ಆಗ ಆ ಆಸ್ಪತ್ರೆಯ ನರ್ಸು. ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಗಿತ್ತು. ನನ್ನ ನಾಲಿಗೆ ಸ್ವಲ್ಪ ಉದ್ದ ಎಂದು ಊರವರು ಹೇಳುತ್ತಿದ್ದರು. ಅದೇನೂ ಸುಳ್ಳಲ್ಲ. ಪುಸ್ತಕ ಓದಿ ಡಾಕ್ಟರಾದ ಗಂಡಸರು ಹೆರಿಗೆ ಕೋಣೆಯ ಬಾಗಿಲಲ್ಲಿ ಹೊಸ ಅಳಿಯಂದಿರ ಹಾಗೆ ನಿಂತುಬಿಡುವುದನ್ನು ನೋಡಿ ನೋಡಿ ಅದು ಇನ್ನಷ್ಟು ಉದ್ದವಾಗಿತ್ತು.

ಪಾಪ, ಅವರದೂ ಪೂರ್ತಿ ತಪ್ಪಲ್ಲ. ನಮ್ಮ ಕಡೆ ಬಸುರಿ ಹೆಂಗಸನ್ನು ಮುಟ್ಟಲು ಗಂಡಸು ಡಾಕ್ಟರನ್ನು ಯಾರು ಬಿಡುತ್ತಿದ್ದರು? ಸೂಲಗಿತ್ತಿ ಕೈಬಿಟ್ಟ ಮೇಲೆ, ಜೀವ ಗಂಟಲಿಗೆ ಬಂದ ಮೇಲೆ, ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಆಗ ಡಾಕ್ಟರಿಗೆ ಪುಸ್ತಕದಲ್ಲಿ ಓದಿದ್ದು ನೆನಪಿಗೆ ಬರುವುದರೊಳಗೆ ಎಲ್ಲ ಮುಗಿದಿರುತ್ತಿತ್ತು. ಒಂದೇ ವರ್ಷದಲ್ಲಿ ತಾಲೂಕುಗಳ ಸಣ್ಣ ದವಾಖಾನೆಗಳಲ್ಲಿ ಹೆತ್ತ ಮೇಲೆ ರಕ್ತ ಹೋಗಿ ಸತ್ತವರ ಲೆಕ್ಕ ನೋಡಿ, ನಮ್ಮ ಡಾಕ್ಟರಮ್ಮ ದೇವೀರಮ್ಮನವರು ಎರಡು ದಿನ ಆ ಕಾಗದ ಹಿಡಿದುಕೊಂಡೇ ಓಡಾಡಿದರು. ಕೆರಗೋಡಿನ ಗೌಡರ ಮಗಳು ಆಕೆ, ಮದರಾಸಿನಲ್ಲಿ ಓದಿ ಬಂದವರು. ಆದರೆ ಸಿಟ್ಟು ಬಂದರೆ ಮದರಾಸೂ ಇಲ್ಲ ಮೈಸೂರೂ ಇಲ್ಲ, ಬರೀ ಕೆರಗೋಡು. ಮೂರನೆಯ ದಿನ, "ಸುಳ್ಳು ಬಸ್ರಿ ಮ್ಯಾಲೆ ಕಲೀಲಿ ಕಣಮ್ಮ, ನಿಜದ ಬಸ್ರೀರ್ನ ಕೊಂದ್ ಕೊಂದ್ ಕಲಿಯಾದ್ ಬ್ಯಾಡ" ಎಂದರು. ಆ ದವಾಖಾನೆಗಳ ನಾಲ್ವರು ಡಾಕ್ಟರುಗಳಿಗೆ ನಮ್ಮಲ್ಲಿ ಆರು ದಿನದ ತರಬೇತಿ ಕೊಡಲು ಅಪ್ಪಣೆ ತರಿಸಿದರು. ಬೆಂಗಳೂರಿನಲ್ಲೆಲ್ಲೋ ಇದೆಯೆಂದು ಕೇಳಿದ್ದ ಬಸುರಿ ಬೊಂಬೆಯನ್ನು ಕಳಿಸಿಕೊಡಿ ಎಂದು ಬರೆದಾಗ ಮಾತ್ರ, ಯುದ್ಧಕಾಲ, ರೈಲಿನಲ್ಲಿ ಜಾಗವಿಲ್ಲ ಎಂಬ ಉತ್ತರ ಬಂತು.

ಬೊಂಬೆ ಬರದಿದ್ದರೆ ಬೇಡ ಎಂದು ದೇವೀರಮ್ಮನವರು ಪೇಟೆಯ ನಜೀರ್ ಅಹ್ಮದನನ್ನು ಕರೆಸಿದರು. ಜಟಕಾ ಬಂಡಿಗಳ ಮೆತ್ತೆ ಹೊಲಿಯುವವನು, ತೊಗಲಿನ ಕೆಲಸದಲ್ಲಿ ಅವನನ್ನು ಬಿಟ್ಟರಿಲ್ಲ. "ಒಂದು ಹೊಟ್ಟೆ ಹೊಲಿದುಕೊಡು ಸಾಹೇಬ" ಎಂದಾಗ ಅವನು ಒಂದು ಚೂರೂ ನಗದೆ, ಸೊಂಟದ ಟೇಪು ತೆಗೆದು, "ಎಷ್ಟ್ ತಿಂಗ್ಳುದ್ದು ಅಮ್ಮಾವ್ರೇ?" ಎಂದು ಕೇಳಿದ. ಅವನ ಹೆಂಡತಿಯೇ ಜಾನ್ ಬೀ. ಮದ್ದೂರಿನ ಅರ್ಧಕ್ಕರ್ಧ ಜನ, ಗೌಡರು ಶೆಟ್ಟರು ಸಾಬರು ಎನ್ನದೆ, ಭೂಮಿಗೆ ಬಿದ್ದದ್ದು ಆ ಸೂಲಗಿತ್ತಿಯ ಕೈಗೇ. ಒಳಗೆ ಏನೇನು ಎಲ್ಲೆಲ್ಲಿ ಇರಬೇಕೆಂದು ಅವಳು ಹೇಳಿದಳು, ಅವನು ಹೊಲಿದ.

ಆ ಹೊಟ್ಟೆಯನ್ನು ನೀವು ನೋಡಬೇಕಿತ್ತು. ಹೊರಗೆ ಆಡಿನ ತೊಗಲು, ಒಳಗೆ ಹತ್ತಿ ಮತ್ತು ತೆಂಗಿನ ನಾರು, ನಡುವೆ ಗರ್ಭಕೋಶದ ಆಕಾರದ ಒಂದು ತೊಗಲಿನ ಚೀಲ. ಚೀಲಕ್ಕೆ ಕೆಮ್ಮಣ್ಣು ಕಲಸಿದ ನೀರು ತುಂಬಿಸಿ ಬಿರಡೆ ಹಾಕುತ್ತಿದ್ದೆವು. ಬಿರಡೆಯ ದಾರ ಜಾನ್ ಬೀಯ ಕಾಲಿನ ಹೆಬ್ಬೆರಳಿಗೆ. ಅವಳು ಆ ಹೊಟ್ಟೆಯನ್ನು ಕಟ್ಟಿಕೊಂಡು, ಮೇಲೆ ಸೀರೆ ಹೊದ್ದು ಮಲಗಿ, ಬೆರಳು ಎಳೆದರೆ ಸಾಕು, ಮಂಚವೆಲ್ಲ ಕೆಂಪು. ಕೆಳಗಿನಿಂದ ಒಂದು ಮುಷ್ಟಿ, ಮೇಲಿನಿಂದ ಒಂದು ಅಂಗೈ, ಇವೆರಡರ ನಡುವೆ ಚೀಲ ಭದ್ರವಾಗಿ ಸಿಕ್ಕಿದರೆ ಮಾತ್ರ ನೀರು ನಿಲ್ಲುವಂತೆ ನಜೀರ್ ಹೊಲಿದಿದ್ದ. ಐದು ನಿಮಿಷದೊಳಗೆ ನಿಲ್ಲಿಸದಿದ್ದರೆ ಚೀಲ ಖಾಲಿ. ಚೀಲ ಖಾಲಿಯಾದರೆ ಜಾನ್ ಬೀ ಸತ್ತಳೆಂದು ಅರ್ಥ.

ಮೊದಲು ಕೊಂದವರು ಡಾಕ್ಟರ್ ಚೌಡಯ್ಯನವರು. ನಾಲ್ವರಲ್ಲಿ ಹಿರಿಯರು, ಬಹಳ ಮರ್ಯಾದಸ್ಥರು. ಹೆಂಗಸರ ಕಾಯಿಲೆ ಎಂದರೆ ಪರದೆಯಾಚೆ ಕೂತು ಮುಖ ಗೋಡೆಗೆ ಮಾಡಿ ನಾಡಿ ಹಿಡಿಯುವುದು ಅವರ ಮೂವತ್ತು ವರ್ಷದ ಪದ್ಧತಿ. ನಾಟಕದಲ್ಲೂ ಬಿಡಲಿಲ್ಲ. "ಕೈ ಕೊಡಿಯಮ್ಮ" ಎಂದು ಪರದೆಯ ಸಂದಿಗೆ ಕೈ ನೀಡಿದರು. ಒಳಗೆ ಜಾನ್ ಬೀ ನನಗೆ ಕಣ್ಣು ಹೊಡೆದಳು. ನಾನು ನನ್ನ ಕೈಯನ್ನೇ ತೂರಿಸಿದೆ. ಅವರು ಬಹಳ ಹೊತ್ತು ಹಿಡಿದು, "ನಾಡಿ ಬಲವಾಗಿದೆ, ಏನೂ ಭಯವಿಲ್ಲ, ಒಂದು ಔನ್ಸು ಮಿಕ್ಸ್ಚರ್ ಕೊಡಿ" ಎಂದರು. ಅಷ್ಟರಲ್ಲಿ ಕೆಂಪು ನೀರು ಪರದೆಯ ಕೆಳಗಿನಿಂದ ಹರಿದು ಬಂದು ಅವರ ಬೂಟಿನ ಸುತ್ತ ನಿಂತಿತ್ತು. ಒಳಗಿನಿಂದ ಜಾನ್ ಬೀ ಕೂಗಿದಳು: "ಮಿಕ್ಸ್ಚರ್ ನಮ್ಮತ್ತೇಗ್ ಕುಡ್ಸಿ ಡಾಕ್ಟ್ರೇ, ನಾನ್ ಸತ್ತೋದೆ!"

ಎರಡನೆಯವರು ಡಾಕ್ಟರ್ ಪುಟ್ಟರಾಜು. ಮೈಸೂರಿನ ಹುಡುಗ, ಇಪ್ಪತ್ತಾರು ವಯಸ್ಸು, ಓದಿನಲ್ಲಿ ಪದಕ ಪಡೆದವರು. ಮಳವಳ್ಳಿ ಕಡೆಯ ಒಂದು ಮೂಲೆಯ ದವಾಖಾನೆಯಲ್ಲಿ ಒಬ್ಬರೇ ಇದ್ದರು. ಕಿಸೆಯಲ್ಲಿ ಯಾವಾಗಲೂ ಒಂದು ಪೆನ್ನು, ಕಂಕುಳಲ್ಲಿ ರಿಜಿಸ್ಟರು. ರಿಜಿಸ್ಟರಿನಲ್ಲಿ ಹೆಸರು ಬೀಳದೆ ಒಂದು ತೊಟ್ಟು ಔಷಧವೂ ಹೊರಗೆ ಹೋಗಕೂಡದೆಂದು ಸೇರಿದ ದಿನವೇ ಮೇಲಿನವರು ಬೆದರಿಸಿದ್ದರಂತೆ. ಇವರು ಅದನ್ನು ವೇದವಾಕ್ಯ ಮಾಡಿಕೊಂಡಿದ್ದರು. ಮಂಚದ ಹತ್ತಿರ ಬಂದು ರಿಜಿಸ್ಟರು ತೆರೆದು, "ಗಂಡನ ಹೆಸರು?" ಎಂದರು.

ಗಂಡನ ಹೆಸರು ಹೇಳುವ ಹೆಂಗಸು ನಮ್ಮ ಮೂರು ತಾಲೂಕಿನಲ್ಲಿ ಎಲ್ಲಿದ್ದಾಳೆ? ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ. ಗೌಡರ ಸೊಸೆಯ ಪಾತ್ರದಲ್ಲಿದ್ದ ಜಾನ್ ಬೀ ಮುಖ ಮುಚ್ಚಿಕೊಂಡು, "ಅಯ್, ಎಂಗ್ ಯೋಳ್ಳಿ ಬುಡಿ" ಎಂದು ನಾಚಿ, ಹೆಬ್ಬೆರಳು ಎಳೆದಳು.

"ಹೇಳಲೇಬೇಕಮ್ಮ. ಕಾಲಮ್ ಇದೆ."

"ಮೇಲ್ಕೋಟೆ ದೊಡ್ಡ್ ಗುಡೀಲವ್ರಲ್ಲ, ಆ ದೇವ್ರ್ ಎಸ್ರು ಕಣಪ್ಪ."

"ನಾರಾಯಣಗೌಡ?"

"ಊಂ ಊಂ."

"ಚಲುವೇಗೌಡ?"

"ಅರ್ದ ಸರಿ."

"ಚಲುವಯ್ಯ? ಚಲುವರಾಜು?"

"ಅಗಾ, ಅದೇಯ" ಎಂದಳು ಜಾನ್ ಬೀ. ಪುಟ್ಟರಾಜು ಮುತ್ತಿನಂಥ ಅಕ್ಷರದಲ್ಲಿ ಚಲುವರಾಜು ಎಂದು ಬರೆದು ತಲೆ ಎತ್ತಿದರು. ಚೀಲ ಖಾಲಿಯಾಗಿತ್ತು. ಜಾನ್ ಬೀ ನಾಲಿಗೆ ಹೊರಗೆ ಹಾಕಿಕೊಂಡು ಬಿದ್ದಿದ್ದಳು. ಬಾಗಿಲಲ್ಲಿ ನಿಂತು ತನ್ನ ಹೊಲಿಗೆ ಸೋರುತ್ತದೋ ಇಲ್ಲವೋ ನೋಡುತ್ತಿದ್ದ ನಜೀರ್ ಅಹ್ಮದನನ್ನು ತೋರಿಸಿ, ಸತ್ತ ಹೆಣವೇ ಹೇಳಿತು: "ಎಸ್ರು ಬೇಕಿದ್ರೆ ಅಗೋ ಅವ್ರ್ನ ಕೇಳ್ಬೇಕಿತ್ತು. ಅವ್ರ್ ಎಸ್ರು ಅವ್ರಿಗೆ ಬಾಯ್ಗ್ ಬತ್ತದೆ."

ಎಲ್ಲರೂ ನಕ್ಕರು. ಪುಟ್ಟರಾಜು ಮಾತ್ರ ನಗಲಿಲ್ಲ. ಅವರ ಮುಖ ಸುಣ್ಣದ ಗೋಡೆಯಾಗಿತ್ತು. ನಾಟಕಕ್ಕೆ ಇಷ್ಟು ಹೆದರುವವರು ನಿಜಕ್ಕೆ ಏನು ಮಾಡುತ್ತಾರೋ ಎಂದು ನಾನು ಜಾನ್ ಬೀ ಕಿವಿಯಲ್ಲಿ ಗೇಲಿ ಮಾಡಿದೆ.

ಮಂಗಳವಾರ ಸಾಯಂಕಾಲ ನನ್ನ ಗೇಲಿಗೆ ತಕ್ಕ ಉತ್ತರ ಸಿಕ್ಕಿತು. ಉಳಿದವರು ಕಾಫಿಗೆ ಹೋಗಿದ್ದರು. ಪುಟ್ಟರಾಜು ಜಗುಲಿಯ ಮೇಲೆ ದೇವೀರಮ್ಮನವರ ಮುಂದೆ ನಿಂತಿದ್ದರು. ನಾನು ಒಳಗೆ ಬಟ್ಟೆ ಮಡಿಸುತ್ತಿದ್ದೆ, ಕಿವಿ ಹೊರಗಿತ್ತು.

"ಪುಷ್ಯ ಮಾಸದಲ್ಲಿ ಒಬ್ಬಳು ಬಂದಳು ಮೇಡಂ. ಹೀಗೇ ರಕ್ತ. ನಾನು ರಿಜಿಸ್ಟರು ತೆರೆದೆ. ಗಂಡ ದನ ಕಟ್ಟಲು ಹೋಗಿದ್ದ. ಅವಳು ಹೆಸರು ಹೇಳಲಿಲ್ಲ. ನಾನು ಬಿಡಲಿಲ್ಲ. ಕೊನೆಗೆ ಅತ್ತೆ ಹೇಳಿದಳು. ಬರೆದು ತಲೆ ಎತ್ತಿದಾಗ ಅವಳು ಇರಲಿಲ್ಲ. ಅದೇ ಸಾಲಿನಲ್ಲಿ ಮೃತಳಾದಳು ಅಂತ ಬರೆದೆ." ಕಂಕುಳಲ್ಲಿದ್ದ ರಿಜಿಸ್ಟರನ್ನು ಕೆಳಗಿಟ್ಟರು. "ರಿಜಿಸ್ಟರು ಒಂದು ನೆಪ. ನಿಜ ಹೇಳಬೇಕೆಂದರೆ ಮುಟ್ಟಲು ನನಗೆ ಹೆದರಿಕೆ. ಬರೆಯುತ್ತಾ ಇದ್ದರೆ ಮುಟ್ಟಬೇಕಾಗಿಲ್ಲವಲ್ಲ. ನನ್ನನ್ನು ಫೇಲು ಮಾಡಿ ಊರೂರಿಗೆ ಸಿಡುಬಿನ ದೇವಿ ಹಾಕುವ ಕೆಲಸಕ್ಕೆ ಕಳಿಸಿಬಿಡಿ. ಅಂಥ ಇನ್ನೊಂದು ಸಾಲು ನನ್ನ ಕೈಲಿ ಬರೆಯಲಾಗುವುದಿಲ್ಲ."

"ನಿನ್ನ್ ಕಳ್ಸಿದ್ರೆ ಆ ದವಾಖಾನೆ ಬಾಗ್ಲು ಮುಚ್ತದೆ ಕಣಯ್ಯ" ಎಂದರು ದೇವೀರಮ್ಮನವರು. "ಡಾಕ್ಟ್ರುಗಳೆಲ್ಲ ಯುದ್ದಕ್ ಓಗವ್ರೆ, ಇನ್ನೊಬ್ಬ ಸಿಕ್ಕಾಕಿಲ್ಲ. ಸುತ್ತ ಇಪ್ಪತ್ತಳ್ಳಿ ಎಂಗಸ್ರು ಎಲ್ಲಿಗ್ ಓಗವ್ರು? ಸನಿವಾರ ಜಿಲ್ಲೆ ದೊಡ್ಡ್ ಡಾಕ್ಟ್ರು ಬಂದು ನಿಮ್ಮೆಲ್ಲರ್ನೂ ನೋಡ್ತಾರೆ. ಅಲ್ಲೀಗಂಟ ಕೈ ಇಡಾದ್ ಕಲಿ. ಎದ್ರಿಕೆ ಓಗಾಕಿಲ್ಲ, ನಂಗೂ ಓಗಿಲ್ಲ. ಕೈಗೆ ಕೆಲ್ಸ ಬಂದ್ರೆ ಎದ್ರಿಕೆ ಅದ್ರ ಪಾಡ್ಗೆ ಮೂಲೇಲ್ ಕೂತಿರ್ತದೆ."

ನಾನು ಕೈಯಲ್ಲಿದ್ದ ಬಟ್ಟೆ ಮಡಿಸುವುದನ್ನು ಮರೆತಿದ್ದೆ. ಅಯ್ಯೋ ಎನ್ನಿಸಿತು. ಆದರೆ ಕನಿಕರ ತೋರಿಸುವುದು ನನಗೆ ಬರುವುದಿಲ್ಲ. ನನಗೆ ಬರುವುದು ಕೀಟಲೆಯೊಂದೇ. ಈ ಹುಡುಗನನ್ನು ದಾರಿಗೆ ತರಬೇಕೆಂದು ಜಾನ್ ಬೀ ಜೊತೆ ಸೇರಿ ಅದನ್ನೇ ಶುರು ಮಾಡಿದೆ.

ಬುಧವಾರ ಜಾನ್ ಬೀ ಮಂಚ ಬಿಟ್ಟು ಅತ್ತೆಯಾದಳು. ಹೊಟ್ಟೆಯನ್ನು ಬೇರೆಯಾಗಿ ಮಲಗಿಸಿ, ದಾರವನ್ನು ನನ್ನ ಕೈಗೆ ಕೊಟ್ಟು, ತಾನು ಬಾಗಿಲಿಗೆ ಅಡ್ಡ ಕೂತು, "ಗಂಡಸ್ರು ಒಳಕ್ ಬರಂಗಿಲ್ಲ, ನನ್ ಸೊಸೆ ಸತ್ರೂ ಸೈ" ಎಂದು ಎದೆ ಬಡಿದುಕೊಂಡಳು. ನಾಲ್ವರೂ ಸರದಿಯ ಮೇಲೆ ಅವಳ ಜೊತೆ ವಾದ ಮಾಡುತ್ತಲೇ ಸೊಸೆಯನ್ನು ಕೊಂದರು. ದೇವೀರಮ್ಮನವರು ತಲೆ ಚಚ್ಚಿಕೊಂಡು, "ಅತ್ತೆ ಜೊತೆ ವಾದ ಮಾಡಿ ಗೆದ್ದೋರು ಯಾರವ್ರೆ? ಅವ್ಳ್ ಕೈಗ್ ಒಂದ್ ಕೆಲ್ಸ ಕೊಡಿ, ಬಾಯಿ ತಾನೇ ಮುಚ್ಕತದೆ" ಎಂದರು. ಸೋಮವಾರ, ಮಂಗಳವಾರ ಸೇರಿ ಐದು ಸಲ ಸತ್ತಿದ್ದ ಜಾನ್ ಬೀ ಅಂದು ತನ್ನ ಲೆಕ್ಕಕ್ಕೆ ಇನ್ನೂ ನಾಲ್ಕು ಸಾವು ಸೇರಿಸಿದಳು. ಸೊಸೆ ಸತ್ತರೂ ಹೊಟ್ಟೆ ತನ್ನದೇ ಎಂಬುದು ಅವಳ ವಾದ.

ಗುರುವಾರ ಮಧ್ಯಾಹ್ನ ಅವಳ ನಿಜವಾದ ಸೊಸೆ ಬಷೀರುನ್ನೀಸಾ ಹೊಟ್ಟೆಗೆ ದಿಂಬು ಕಟ್ಟಿಕೊಂಡು, ಜಟಕಾದಲ್ಲಿ ಅರಚುತ್ತಾ ಆಸ್ಪತ್ರೆಗೆ ಬಂದಿಳಿದಳು. ಪುಟ್ಟರಾಜು ಊಟದ ಎಲೆ ಬಿಟ್ಟು ಓಡಿ ಬಂದರು. ಬಂದವರೇ ಕೈಯನ್ನು ಕಿಸೆಗೆ ಹಾಕಿ ಪೆನ್ನು ತೆಗೆದರು. ಬಷೀರುನ್ನೀಸಾ ಅಳು ನಿಲ್ಲಿಸಿ, ದಿಂಬು ತೆಗೆದು ಕಂಕುಳಲ್ಲಿಟ್ಟುಕೊಂಡು, "ಅತ್ತೇಮಾ, ಇವ್ರು ಇನ್ನೂ ಬರ್ಯಾದ್ ಬಿಟ್ಟಿಲ್ಲ" ಎಂದು ಹೇಳಿ ಮನೆಗೆ ಹೋದಳು.

ಅಂದು ಸಾಯಂಕಾಲವೇ ನಾನು ಅವರ ಪೆನ್ನು ಕದ್ದೆ. ಕದ್ದೆ ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ. ಶುಕ್ರವಾರವೆಲ್ಲ ಅವರು ಮಂಚದ ಹತ್ತಿರ ಬಂದಾಗಲೆಲ್ಲ ಕಿಸೆ ತಡಕುವರು, ಪೆನ್ನಿಲ್ಲದೆ ಆ ಕೈ ಎಲ್ಲಿ ಹೋಗಬೇಕೆಂದು ತಿಳಿಯದೆ ಗಾಳಿಯಲ್ಲಿ ನಿಲ್ಲುವುದು, ಆಮೇಲೆ ಬೇರೆ ದಾರಿಯಿಲ್ಲದೆ ಹೊಟ್ಟೆಯ ಮೇಲೆ ಇಳಿಯುವುದು. ಮೊದಲ ಸಲ ಮುಷ್ಟಿ ತಪ್ಪಿತು, ಜಾನ್ ಬೀ ಹತ್ತನೆಯ ಸಲ ಸತ್ತಳು. ಎರಡನೆಯ ಸಲ ಅಂಗೈ ಜಾರಿತು, ಹನ್ನೊಂದನೆಯ ಸಲ ಸತ್ತಳು. ಮೂರನೆಯ ಸಲ ನೀರು ನಿಂತಿತು. ನಿಂತದ್ದನ್ನು ಅವರೇ ನಂಬದೆ ಐದು ನಿಮಿಷ ಹಾಗೇ ಹಿಡಿದುಕೊಂಡಿದ್ದರು. "ಬುಡಪ್ಪ, ನಾನ್ ಬದ್ಕಿವ್ನಿ, ಅಡ್ಗೆ ಮಾಡ್ಬೇಕು" ಎಂದು ಜಾನ್ ಬೀ ಅವರ ತಲೆ ಸವರಿದಳು. ಆದರೆ ಅದು ಕೆಮ್ಮಣ್ಣಿನ ನೀರು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ದೇವೀರಮ್ಮನವರು ಜಿಲ್ಲೆಯ ದೊಡ್ಡ ಡಾಕ್ಟರನ್ನು ಕರೆತರಲು ರೈಲಿನಲ್ಲಿ ಮಂಡ್ಯಕ್ಕೆ ಹೋದರು. ಪರೀಕ್ಷೆ ಎಂದರೆ ಅರವತ್ತರ ಹತ್ತಿರ ಬಂದವರೂ ಹುಡುಗರೇ. ಚೌಡಯ್ಯನವರು ಉಳಿದಿಬ್ಬರನ್ನು ಕರೆದುಕೊಂಡು ನರಸಿಂಹಸ್ವಾಮಿಗೆ ಹಣ್ಣುಕಾಯಿ ಮಾಡಿಸಲು ಹೋಗಿದ್ದರು. ಜಾನ್ ಬೀಯನ್ನು ಬೆಸಗರಹಳ್ಳಿಯಿಂದ ಯಾರೋ ಹೆರಿಗೆಗೆ ಕರೆದೊಯ್ದಿದ್ದರು. ಆಸ್ಪತ್ರೆಯಲ್ಲಿ ಇದ್ದವರು ನಾನು ಮತ್ತು ಪುಟ್ಟರಾಜು. ಅವರು ಜಗುಲಿಯಲ್ಲಿ ಕೂತು ನಜೀರನ ತೊಗಲಿನ ಹೊಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಿದ್ದರು.

ಹನ್ನೊಂದು ಗಂಟೆಗೆ ಶಿವಪುರದ ಕಡೆಯಿಂದ ಒಂದು ಎತ್ತಿನ ಗಾಡಿ ಓಡಿ ಬಂತು. ಹೊಡೆಯುತ್ತಿದ್ದವನು ಕರಿಯಪ್ಪ ಎಂಬ ರೈತ. ಹುಲ್ಲಿನ ಮೇಲೆ ಅವನ ಹೆಂಡತಿ ಚಿಕ್ಕಮಾದಮ್ಮ, ಹತ್ತೊಂಬತ್ತು ವರ್ಷದ ಹುಡುಗಿ. ಪಕ್ಕದಲ್ಲಿ ಅವನ ತಾಯಿ ಚಲುವಮ್ಮ, ಮಡಿಲಲ್ಲಿ ಕಣ್ಣು ಮುಚ್ಚಿ ಮಲಗಿದ್ದ ಹಸುಗೂಸು. ಗಾಡಿಯ ಹಲಗೆಯ ಸಂದಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು.

ನಾವು ಅವಳನ್ನು ಎತ್ತಿ ಮಂಚಕ್ಕೆ ತಂದೆವು. ಪುಟ್ಟರಾಜು ಬಾಗಿಲಲ್ಲಿ ನಿಂತುಬಿಟ್ಟರು. ಕೈ ಕಿಸೆಯ ಮೇಲಿತ್ತು. ಮುಖ ಸೋಮವಾರದ ಸುಣ್ಣದ ಗೋಡೆ. ಈ ಮನುಷ್ಯ ಇನ್ನೊಂದು ಕ್ಷಣ ಹೀಗೇ ನಿಂತರೆ ಹುಡುಗಿ ಹೋದಳು ಎಂದು ನನಗೆ ಖಾತ್ರಿಯಾಯಿತು. ಏನು ಮಾಡಲಿ? ಹತ್ತಿರ ಹೋಗಿ ಅವರಿಗೆ ಮಾತ್ರ ಕೇಳುವಂತೆ ಹೇಳಿದೆ:

"ಗಾಬರಿ ಬೀಳಬೇಡಿ ಡಾಕ್ಟ್ರೇ. ನಾಟಕ. ಜಾನ್ ಬೀನೇ ಕಳಿಸಿರೋದು. ದೊಡ್ಡ ಡಾಕ್ಟ್ರು ಬರೋ ಮುಂಚೆ ಕೊನೇ ಪರೀಕ್ಷೆ."

ನನ್ನ ಜನ್ಮದಲ್ಲಿ ಅಷ್ಟು ದೊಡ್ಡ ಸುಳ್ಳು ಹೇಳಿರಲಿಲ್ಲ. ಅವರು ನನ್ನ ಮುಖವನ್ನೇ ನೋಡಿದರು. ಮಂಚದ ಹತ್ತಿರ ಹೋಗಿ ಹುಡುಗಿಯ ಹೊಟ್ಟೆಯ ಮೇಲೆ ಕೈಯಿಟ್ಟರು, ಒದ್ದೆ ಸೀರೆ ಮುಟ್ಟಿದರು. ಮತ್ತೆ ನನ್ನ ಕಡೆ ತಿರುಗಿ, "ಓಹೋ" ಎಂದರು. "ಈ ಜಾನ್ ಬೀಗೆ ಬೇರೆ ಕೆಲಸವಿಲ್ಲ."

ಅಲ್ಲಿಂದ ಅವರು ಬೇರೆ ಮನುಷ್ಯ. ಚಲುವಮ್ಮ ಎದ್ದು ನಿಂತು, "ಅಯ್ಯಯ್ಯೋ, ಗಂಡಸ್ರು ಮುಟ್ಟಂಗಿಲ್ಲ ಕಣಪ್ಪ, ಡಾಕ್ಟ್ರಮ್ಮುನ್ ಕರೀರಿ" ಎಂದು ಅಡ್ಡ ಬಂದಳು. ಪುಟ್ಟರಾಜು ವಾದಕ್ಕೇ ಹೋಗಲಿಲ್ಲ.

"ಅಜ್ಜಿ, ಮಗೂನ ನಿಮ್ಮ ಮಗನ ಕೈಗೆ ಕೊಟ್ಟು ಬನ್ನಿ. ಸೊಸೆ ಎದೆ ಮೇಲೆ ಸೀರೆ ಅಡ್ಡ ಹಿಡಿದು ಮರೆ ಮಾಡಿ. ನೀವು ಹಿಡಿದಿರೋಷ್ಟು ಹೊತ್ತೂ ನಾನು ಅವಳ ಮುಖ ನೋಡೋದಿಲ್ಲ. ಕೈ ಇಳಿಸಿದರೆ ನೋಡಿಬಿಡ್ತೀನಿ."

ಮುದುಕಿ ಎರಡು ಕೈಯಲ್ಲೂ ಸೀರೆ ಎತ್ತಿ ಹಿಡಿದಳು. ಬಾಯಿ ತಾನೇ ಮುಚ್ಚಿತು.

"ಮಗು ಆದ ಮೇಲೆ ಮಾಸು ಬಿತ್ತಾ?"

"ಬಿತ್ತು ಕಣಪ್ಪ, ಪೂರ್ತಿ ಬಿತ್ತು. ಮಣ್ಣಲ್ ಊತಾಕಿ ಬಂದೊ."

ಪುಟ್ಟರಾಜು ಲೈಸಾಲಿನ ನೀರಿನಲ್ಲಿ ಕೈ ಅದ್ದಿ, ಗ್ಲೌಸು ಎಳೆದುಕೊಂಡು, ಹೊಟ್ಟೆಯ ಮೇಲೆ ಜೋರಾಗಿ ಉಜ್ಜಿದರು. ಗರ್ಭಕೋಶ ಮೆತ್ತಗೆ, ಕಲಸಿದ ಹಿಟ್ಟಿನ ಹಾಗೆ, ಗಟ್ಟಿಯಾಗಲೊಲ್ಲದು. ರಕ್ತ ನಿಲ್ಲಲಿಲ್ಲ. ಗರ್ಭಕೋಶ ಬಿಗಿಸುವ ಎರ್ಗಟ್ ಇಂಜೆಕ್ಷನ್ ಕೊಡಿ ಎಂದರು. ಯುದ್ಧಕಾಲದಲ್ಲಿ ಬೀರುವಿನಲ್ಲಿ ಉಳಿದಿದ್ದದ್ದು ಎರಡೇ ಗಾಜಿನ ಆಂಪೂಲು. ನಾನು ತಟ್ಟೆಯಲ್ಲಿಟ್ಟುಕೊಂಡು ತಂದೆ. "ನಿಧಾನ, ನಿಧಾನ" ಎಂದರು. "ನಾಟಕ ತಾನೆ, ಅವಸರವೇನಿದೆ?" ಪಾಪ, ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತಿದ್ದಾರೆ, ನನ್ನ ಸುಳ್ಳು ಹಿಡಿದಿದೆ ಎಂದುಕೊಂಡು ನಾನು ಒಳಗೊಳಗೇ ಹಿಗ್ಗಿದೆ. ಆಂಪೂಲು ಒಡೆದು, ಮದ್ದು ಎಳೆದು, ಚುಚ್ಚಿದೆ.

ಆಮೇಲೆ ಅವರು ಒಂದು ಮುಷ್ಟಿ ಒಳಗೆ, ಒಂದು ಅಂಗೈ ಹೊಟ್ಟೆಯ ಮೇಲೆ, ನಡುವೆ ಗರ್ಭಕೋಶವನ್ನು ಸಿಕ್ಕಿಸಿ ಒತ್ತಿ ಹಿಡಿದರು. ಬಾಗಿಲಾಚೆಯಿದ್ದ ಕರಿಯಪ್ಪನಿಂದ ಇಟ್ಟಿಗೆ ತರಿಸಿ, ಹುಡುಗಿಯ ಕಾಲು ತಲೆಗಿಂತ ಎತ್ತರವಾಗುವಂತೆ ಮಂಚದಡಿಗೆ ಇಡಲು ನನಗೆ ಹೇಳಿದರು. ಕೂಸನ್ನು ಜಗುಲಿಯಲ್ಲಿ ಮಲಗಿಸಿ ಇಟ್ಟಿಗೆ ಅವನು ಹೊತ್ತು ತಂದ, ನಾನು ಇಟ್ಟೆ. ಒತ್ತುತ್ತಾ ಒತ್ತುತ್ತಾ ಮೆಲ್ಲಗೆ ನನಗೆ ಮಾತ್ರ ಕೇಳುವ ಹಾಗೆ ಗೊಣಗುತ್ತಲೇ ಇದ್ದರು: "ಈ ಹುಡುಗಿ ಜಾನ್ ಬೀಗಿಂತ ಚೆನ್ನಾಗಿ ಮಾಡ್ತಾಳೆ. ನಾಲಿಗೆ ಹೊರಗೆ ಹಾಕಲಿಲ್ಲ ನೋಡಿ. ಅತ್ತೆ ಪಾತ್ರವೂ ಪರವಾಗಿಲ್ಲ." ಅವರ ಹಣೆಯ ಬೆವರು ಮೂಗಿನಿಂದ ತೊಟ್ಟಿಕ್ಕುತ್ತಿತ್ತು. ಕೈ ಮಾತ್ರ ಕಲ್ಲು.

ಐದು ನಿಮಿಷ. ಹತ್ತು ನಿಮಿಷ. ಹುಡುಗಿಯ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಾನು ನಾಡಿ ಹಿಡಿದು ಕೂತಿದ್ದೆ. ಅದು ನೂಲಿನ ಎಳೆಯಂತೆ ಸಿಕ್ಕುತ್ತಿತ್ತು, ತಪ್ಪುತ್ತಿತ್ತು. ನಂಬಿದ ದೇವರನ್ನೆಲ್ಲ ಕರೆದೆ, ಜಾನ್ ಬೀ ನಂಬಿದ ದೇವರನ್ನೂ ಬಿಡಲಿಲ್ಲ. ಇಪ್ಪತ್ತು ನಿಮಿಷಕ್ಕೆ ರಕ್ತ ಸಣ್ಣದಾಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಚಿಕ್ಕಮಾದಮ್ಮ ಕಣ್ಣು ಬಿಡದೆಯೇ, "ಅತ್ತೆ, ನೀರು" ಎಂದಳು. ಚಲುವಮ್ಮ ಸೀರೆ ಹಿಡಿದ ಕೈ ಇಳಿಸದೆ ಅಳತೊಡಗಿದಳು.

ಆಗಲೇ ರೈಲು ಬಂದಿತ್ತು. ದೇವೀರಮ್ಮನವರು ದೊಡ್ಡ ಡಾಕ್ಟರನ್ನು ಕರೆದುಕೊಂಡು ಒಳಗೆ ಬಂದರು, ಒಂದೇ ನೋಟದಲ್ಲಿ ಎಲ್ಲವನ್ನೂ ನೋಡಿದರು. ಸೀದಾ ಬಂದು ಹುಡುಗಿಯ ಹೊಟ್ಟೆ ಮುಟ್ಟಿ ನೋಡಿ, "ಕಲ್ಲಿನಂಗ್ ಗಟ್ಟಿಯಾಗ್ಯದೆ. ನಿಂತದೆ. ಕೈ ತಗಿಯಯ್ಯ ಮೆಲ್ಲುಕೆ" ಎಂದರು. ಪುಟ್ಟರಾಜು ಕೈ ತೆಗೆದರು. ಅದು ಮುಷ್ಟಿಯ ಆಕಾರದಲ್ಲೇ ಮರಗಟ್ಟಿತ್ತು, ಬೆರಳು ಬಿಚ್ಚಲು ಬರಲಿಲ್ಲ.

ದೊಡ್ಡ ಡಾಕ್ಟರು ಮೇಜಿನ ಮೇಲಿನ ರಿಜಿಸ್ಟರು ತೆರೆದು, "ಇದೇನಿದು, ರೋಗಿಯ ಹೆಸರಿಲ್ಲ, ಗಂಡನ ಹೆಸರಿಲ್ಲ, ಎರ್ಗಟ್ ಕೊಟ್ಟದ್ದಕ್ಕೂ ಲೆಕ್ಕವಿಲ್ಲ?" ಎಂದು ಹುಬ್ಬು ಗಂಟಿಕ್ಕಿದರು.

"ಬರ್ಯಾದ್ನ ಈಗ ಬರ್ಕಳಿ ಸಾರ್" ಎಂದರು ದೇವೀರಮ್ಮನವರು. "ಬದ್ಕವ್ಳೆ, ನಿಧಾನ್ವಾಗಿ ಕೇಳ್ಕಬೌದು. ಈ ಉಡ್ಗನ್ ಪರೀಕ್ಷೆ ಮುಗೀತು, ಮಿಕ್ಕೋರ್ದು ನೋಡಾವ ಬನ್ನಿ." ಹೇಳುವಾಗ ಆಕೆಯ ಕಣ್ಣು ತುಂಬಿತ್ತು. ಆ ಒಂಬತ್ತು ವರ್ಷದಲ್ಲಿ ನಾನು ಅದನ್ನು ನೋಡಿದ್ದು ಅದೊಂದೇ ಸಲ.

ಪುಟ್ಟರಾಜು ಹಿತ್ತಿಲ ಬಾವಿಕಟ್ಟೆಯ ಹತ್ತಿರ ಹೋಗಿ ಕಲ್ಲಿನ ಮೇಲೆ ಕೂತರು. ನಾನು ತಂಬಿಗೆಯಲ್ಲಿ ನೀರು ತೆಗೆದುಕೊಂಡು ಹೋದೆ. ಈಗ ಹೇಳಲೇಬೇಕಾಗಿತ್ತು. ತಿಳಿದ ಕೂಡಲೇ ಮೂರ್ಛೆ ಹೋದರೆ ಹಿಡಿದುಕೊಳ್ಳಲೆಂದು ಒಂದು ಕೈ ಬಿಡುವಾಗಿ ಇಟ್ಟುಕೊಂಡೇ ನಿಂತೆ.

"ಡಾಕ್ಟ್ರೇ, ಬೈಬೇಡಿ. ಅದು ನಾಟಕವಲ್ಲ."

"ಗೊತ್ತು" ಎಂದರು.

"ಯಾವಾಗ ಗೊತ್ತಾಯಿತು?"

"ಸೀರೆ ಮುಟ್ಟಿದೆನಲ್ಲ, ಆಗಲೇ. ಬಿಸಿಯಿತ್ತು. ಕೆಮ್ಮಣ್ಣಿನ ನೀರು ತಣ್ಣಗಿರುತ್ತೆ."

ನನಗೆ ತಲೆಬುಡ ತಿಳಿಯಲಿಲ್ಲ. "ಮತ್ತೆ ಉದ್ದಕ್ಕೂ ಜಾನ್ ಬೀ, ನಾಟಕ, ಪಾತ್ರ ಅಂತ ಅಷ್ಟೆಲ್ಲ ಯಾಕೆ ಹೇಳ್ತಾ ಇದ್ರಿ?"

ಅವರು ಮರಗಟ್ಟಿದ ಬೆರಳುಗಳನ್ನು ಒಂದೊಂದಾಗಿ ಬಿಚ್ಚುತ್ತಾ, ನನ್ನನ್ನು ನೋಡದೆ ಹೇಳಿದರು. "ನೀವು ತಟ್ಟೆ ತಂದಿರಲ್ಲ ಯಶೋದಮ್ಮನವರೇ, ಅದರಲ್ಲಿ ಆಂಪೂಲು ಎರಡೂ ಗಲಗಲ ಅಂತಿದ್ದವು. ನಿಮ್ಮ ಕೈ ಅಷ್ಟು ನಡುಗುತ್ತಿತ್ತು. ನಿಜ ಅಂತ ನನಗೂ ಗೊತ್ತಾಗಿದೆ ಅಂದಿದ್ದರೆ, ಇವನು ಮತ್ತೆ ಹೆದರಿ ನಿಲ್ತಾನೆ ಅಂತ ಗಾಬರಿಯಾಗಿ ನೀವು ಅವನ್ನು ಕೆಳಗೆ ಹಾಕಿಬಿಡ್ತಿದ್ರಿ."

ಅವರು ಎರಡೂ ಕೈ ಮುಂದೆ ನೀಡಿದರು. ನಾನು ಬಗ್ಗಿ, ಒಂದು ಮಾತೂ ಆಡದೆ, ತಂಬಿಗೆ ಖಾಲಿಯಾಗುವವರೆಗೂ ಆ ಕೈಗಳಿಗೆ ನೀರು ಹುಯ್ದೆ.